ಹದಿನಾರು ಚಿತ್ರ, ಎರಡು ಕಣ್ಣು



ಕಳೆದ ತಿಂಗಳು ಶ್ರೀರಾಂಪುರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಬೆಂಗಳೂರಿನಲ್ಲಿ ವಿಮಾನಗಳ ದುರಸ್ತಿಯ ಕೆಲಸ ಅವನದು. ಕಾಫಿ ಕುಡಿಯುತ್ತಾ ಕುಳಿತಾಗ ಮಾತು ಪಕ್ಕದ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಕಡೆಗೆ ಹೊರಳಿತು. 2023ರ ಆಗಸ್ಟ್ 20ರಂದು ಅಲ್ಲಿಯ ಹೊಲದಲ್ಲಿ ‘ತಪಸ್’ ಎಂಬ ವಿಮಾನ ಬಿದ್ದದ್ದು, ಸುತ್ತಲಿನ ಊರಿನವರು ನೋಡಲು ನೆರೆದದ್ದು ನಿಮಗೂ ನೆನಪಿರಬಹುದು. ಆ ವಿಮಾನದೊಳಗೆ ಮನುಷ್ಯರಿರುವುದಿಲ್ಲ. ಹಾರಿಸುವವರು ನೆಲದ ಮೇಲೆ ಪರದೆಗಳ ಮುಂದೆ ಕುಳಿತಿರುತ್ತಾರೆ.

“ಅಂಥ ವಿಮಾನಕ್ಕೆ ಕ್ಯಾಮೆರಾವೇ ಕಣ್ಣು ಸಾರ್. ಆದರೆ ಜನ ತುಂಬಿದ ಎಷ್ಟೋ ವಿಮಾನಗಳಲ್ಲಿ ಪೈಲಟ್‌ಗೆ ತನ್ನ ಇಂಜಿನ್ನೇ ಕಾಣುವುದಿಲ್ಲ” ಎಂದ.

“ಹಾಗಾದರೆ ಹೊರಗೆ ನಾಲ್ಕಾರು ಕ್ಯಾಮೆರಾ ಕೂರಿಸಿದರೆ ಆಯಿತಲ್ಲಪ್ಪಾ?” ಎಂದೆ.

ಅವನು ನಕ್ಕು, “ಈಗಿರುವ ಪರದೆಗಳನ್ನು ನೋಡುವುದಕ್ಕೇ ಎರಡು ಕಣ್ಣು ಸಾಲುವುದಿಲ್ಲ ಸಾರ್” ಎಂದುಬಿಟ್ಟ.

ಆ ಮಾತು ನನ್ನನ್ನು ಹಲವು ದಿನ ಕಾಡಿತು. ಓದಿ ನೋಡಿದಾಗ ಇಬ್ಬರ ಪಕ್ಷಕ್ಕೂ ಸಾಕ್ಷಿಗಳು ದೊರೆತವು.

ಮೊದಲು ನನ್ನ ಪಕ್ಷ. 1989ರ ಜನವರಿ 8ರಂದು ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ ಹೊರಟ ಬೋಯಿಂಗ್ 737 ವಿಮಾನವೊಂದರ ಎಡ ಇಂಜಿನ್ನಿನ ಅಲಗು ಮುರಿಯಿತು. ವಿಮಾನ ನಡುಗಿತು, ಹೊಗೆಯ ವಾಸನೆ ಬಂತು. ಪೈಲಟ್‌ಗಳು ಕೆಟ್ಟದ್ದು ಬಲ ಇಂಜಿನ್ ಎಂದು ತಿಳಿದು ಚೆನ್ನಾಗಿದ್ದ ಅದನ್ನೇ ನಿಲ್ಲಿಸಿದರು. ಎಡಗಡೆ ಬೆಂಕಿ ಕಂಡ ಪ್ರಯಾಣಿಕರಿದ್ದರು. ಆದರೆ ಬಲ ಇಂಜಿನ್ನಿನಲ್ಲಿ ದೋಷವಿದೆಯೆಂದು ಪೈಲಟ್ ಧ್ವನಿವರ್ಧಕದಲ್ಲಿ ಹೇಳಿದಾಗ ಯಾರೂ ಎದುರು ಹೇಳಲಿಲ್ಲ. ಕೆಗ್‌ವರ್ತ್ ಎಂಬ ಊರಿನ ಬಳಿ ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 126 ಜನರಲ್ಲಿ 47 ಮಂದಿ ತೀರಿಹೋದರು. ಕಿಟಕಿಯ ಪಕ್ಕ ಕುಳಿತವನಿಗೆ ಕಂಡದ್ದು ಪೈಲಟ್‌ಗೆ ಕಾಣಲಿಲ್ಲ. ಹೊರಗಿನ ದೃಶ್ಯವನ್ನು ಕ್ಯಾಮೆರಾ ಮೂಲಕ ಪೈಲಟ್‌ಗಳಿಗೆ ತೋರಿಸುವ ಸಂಶೋಧನೆಯನ್ನು ಚುರುಕುಗೊಳಿಸಬೇಕೆಂದು ತನಿಖಾ ವರದಿ ಶಿಫಾರಸು ಮಾಡಿತು.

ಇನ್ನು ಅವನ ಪಕ್ಷ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಮಧ್ಯಾಹ್ನದ ಬೆಳಕಿತ್ತು, ರನ್‌ವೇ ಎದುರಿಗೇ ಇತ್ತು. ಇಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು, ವೇಗ ಕುಸಿಯುತ್ತಿತ್ತು. ಆ ವೇಗ ಪೈಲಟ್‌ಗಳ ಮುಂದಿನ ಪರದೆಯ ಮೇಲೆಯೇ ಇತ್ತು. ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅಲ್ಲಿ ಇನ್ನೊಂದು ಪರದೆ ಇದ್ದಿದ್ದರೆ ನೋಡಬೇಕಾದದ್ದು ಇನ್ನೊಂದು ಹೆಚ್ಚುತ್ತಿತ್ತು, ಅಷ್ಟೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ನಿವೃತ್ತಿಗೆ ಎರಡು ವರ್ಷ ಮುಂಚೆ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರವೊಂದರಲ್ಲಿ ಕ್ಯಾಮೆರಾ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೇ ಪರದೆಯ ಮೇಲೆ ಹದಿನಾರು ಚೌಕ, ಹದಿನಾರು ಕೊಠಡಿ. ಅಂದು ಗಣಿತದ ಪರೀಕ್ಷೆ. ಒಂದು ಚೌಕದಲ್ಲಿ ಹುಡುಗಿಯೊಬ್ಬಳು ಡೆಸ್ಕಿನ ಮೇಲೆ ತಲೆಯಿಟ್ಟಿದ್ದಳು. ಆ ಚೌಕದ ಮೇಲೆ ನನ್ನ ಕಣ್ಣು ಎಷ್ಟೋ ಸಲ ಹಾದುಹೋಗಿತ್ತು. ನೀರು ಕೊಡಲು ಹೋದ ಜವಾನ ಅವಳ ಮೈ ಸುಡುತ್ತಿರುವುದನ್ನು ಕಂಡು ಓಡಿಬಂದು, “ಸಾರ್, ಆ ಮಗೀಗೆ ಜ್ವರ ಬಂದೈತೆ” ಎಂದಾಗಲೇ ನಾನು ಎಚ್ಚೆತ್ತದ್ದು. ಕೊಠಡಿಯ ಮೇಲ್ವಿಚಾರಕರು ಹುಡುಗಿ ಯೋಚಿಸುತ್ತಿದ್ದಾಳೆಂದು ಭಾವಿಸಿದ್ದರಂತೆ.

ಸಂಜೆ ದಾಖಲಾದ ಚಿತ್ರವನ್ನು ಹಿಂದಕ್ಕೆ ಓಡಿಸಿ ನೋಡಿದೆ. ಅವಳು ತಲೆಯಿಟ್ಟು ಇಪ್ಪತ್ತೆರಡು ನಿಮಿಷವಾಗಿತ್ತು. ಕ್ಯಾಮೆರಾ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ನನ್ನ ಕಣ್ಣು ಹುಡುಕುತ್ತಿದ್ದುದು ನಕಲು ಚೀಟಿಯನ್ನು. ಜ್ವರವನ್ನು ಹುಡುಕುವುದು ಅದಕ್ಕೆ ತೋಚಿರಲಿಲ್ಲ. ಬಲ ಇಂಜಿನ್ನೇ ಕೆಟ್ಟಿದೆಯೆಂದು ನಿರ್ಧರಿಸಿದ ಆ ಪೈಲಟ್‌ಗಳನ್ನು ಈಗ ನಾನು ಸುಲಭವಾಗಿ ಹಳಿಯಲಾರೆ.

ಹಾಗಾದರೆ ಕ್ಯಾಮೆರಾ ಬೇಡವೇ? ಬೇಕು ಎಂಬುದೇ ನನ್ನ ಉತ್ತರ. ಅದಕ್ಕೆ ಆಧಾರ 2010ರ ನವೆಂಬರ್ 4ರ ಘಟನೆ. ಸಿಂಗಪುರದಿಂದ 469 ಜನರನ್ನು ಹೊತ್ತು ಹೊರಟ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ 380 ವಿಮಾನದ ಎಡಭಾಗದ ಒಂದು ಇಂಜಿನ್ ಸಿಡಿದು, ಚೂರುಗಳು ರೆಕ್ಕೆಯನ್ನು ಸೀಳಿದವು. ಪೈಲಟ್‌ಗಳ ಪರದೆಯ ಮೇಲೆ ದೋಷಸೂಚನೆಗಳ ಸುರಿಮಳೆಯಾಯಿತು. ಅವನ್ನು ಒಂದೊಂದಾಗಿ ನಿಭಾಯಿಸಲು ಸುಮಾರು 50 ನಿಮಿಷ ಹಿಡಿಯಿತು. ಅದೃಷ್ಟಕ್ಕೆ ಅಂದು ಅಲ್ಲಿ ಐವರು ಪೈಲಟ್‌ಗಳಿದ್ದರು. ಅವರಲ್ಲಿ ಒಬ್ಬರು ರೆಕ್ಕೆಯ ಸ್ಥಿತಿಯನ್ನು ಕಣ್ಣಾರೆ ನೋಡಲು ಪ್ರಯಾಣಿಕರಿದ್ದ ಕಡೆಗೆ ನಡೆದುಹೋದರು. ಆ ವಿಮಾನದ ಬಾಲದ ಮೇಲೊಂದು ಕ್ಯಾಮೆರಾ ಇದೆ; ಅದರ ಚಿತ್ರ ಪ್ರಯಾಣಿಕರ ಮನರಂಜನೆಯ ಪರದೆಯಲ್ಲೂ ಕಾಣುತ್ತದೆ. ಪ್ರಯಾಣಿಕರಾಗಿ ಕುಳಿತಿದ್ದ ಅದೇ ಸಂಸ್ಥೆಯ ಪೈಲಟ್ ಒಬ್ಬರು ಆ ಪರದೆಯನ್ನು ತೋರಿಸಿದರು. ಎಡರೆಕ್ಕೆಯಿಂದ ದ್ರವ ಸೋರುತ್ತಿರುವುದು ಅದರಲ್ಲಿ ಕಾಣುತ್ತಿತ್ತು. ಕೊನೆಗೆ ಎಲ್ಲರೂ ಕ್ಷೇಮವಾಗಿ ಇಳಿದರು.

ನೋಡಿ, ಸೂಚನೆಗಳ ಹೊರೆಯೂ ಕ್ಯಾಮೆರಾದ ಉಪಕಾರವೂ ಒಂದೇ ಘಟನೆಯಲ್ಲಿವೆ. ಆ ಚಿತ್ರ ಉಪಯೋಗಕ್ಕೆ ಬಂದದ್ದೇಕೆ? ‘ರೆಕ್ಕೆಗೆ ಏನಾಗಿದೆ?’ ಎಂಬ ಒಂದು ಪ್ರಶ್ನೆಯನ್ನಿಟ್ಟುಕೊಂಡು, ಬೇರೆ ಹೊಣೆಯಿಲ್ಲದ ಒಬ್ಬರು ಎದ್ದುಹೋಗಿ ನೋಡಿದರು. ವಿಮಾನವನ್ನು ಹಾರಿಸುತ್ತಿದ್ದವರು ಹಾರಿಸುತ್ತಲೇ ಇದ್ದರು.

ಆದ್ದರಿಂದ ನನ್ನ ಅಲ್ಪಮತಿಗೆ ತೋರುವುದಿಷ್ಟು. ಹಾರಾಟದ ಹೊತ್ತಿನಲ್ಲಿ ಹೊರಗಿನ ಕ್ಯಾಮೆರಾದ ಪರದೆ ಸಾಮಾನ್ಯವಾಗಿ ಕಪ್ಪಾಗಿಯೇ ಇರಲಿ. ಪೈಲಟ್ ಕೇಳಿದಾಗ, ಇಲ್ಲವೇ ಇಂಜಿನ್ನಿನ ಎಚ್ಚರಿಕೆಯ ದೀಪ ಹತ್ತಿದಾಗ, ಆ ಭಾಗದ ಒಂದೇ ಚಿತ್ರ ಮೂಡಲಿ. ಒಬ್ಬರು ಹಾರಿಸಲಿ, ಇನ್ನೊಬ್ಬರು ನೋಡಲಿ. ಯಾವಾಗ ನೋಡಬೇಕೆಂಬುದನ್ನು ತರಬೇತಿಯಲ್ಲೇ ಕಲಿಸಲಿ. ನೆಲದ ಮೇಲೆ ನಿಧಾನವಾಗಿ ಸಾಗುವಾಗಿನ ಮಾತು ಬೇರೆ. ಬೋಯಿಂಗ್ 777-300ರಂಥ ಉದ್ದನೆಯ ವಿಮಾನದಲ್ಲಿ ಚಕ್ರಗಳನ್ನು ನೋಡಿಕೊಳ್ಳಲು ಕ್ಯಾಮೆರಾ ಬಹಳ ಹಿಂದೆಯೇ ಬಂದಿದೆ. ದೊಡ್ಡ ವಿಮಾನಗಳ ರೆಕ್ಕೆಯ ತುದಿ ಬೇರೆ ವಿಮಾನಗಳಿಗೆ ತಾಗದಂತೆ ಕ್ಯಾಮೆರಾದಂಥ ಸಾಧನವಿರಲೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಶಿಫಾರಸು ಮಾಡಿತು. ಹಾಗೆಂದು ಕ್ಯಾಮೆರಾವನ್ನೇ ಪೂರ್ತಿ ನಂಬುವಂತಿಲ್ಲ. ಕತ್ತಲಿದೆ, ಮೋಡವಿದೆ, ಮಸೂರಕ್ಕೆ ಕೊಳೆಯೂ ಮೆತ್ತುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಮಾಹಿತಿಗೂ ಸಲ್ಲುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನನ್ನ ಶಿಷ್ಯ, “ಸಾರ್, ಈಗಲೂ ಮಾರ್ಕ್ಸ್ ಇಬ್ಬರಿಗೂ ಅರ್ಧರ್ಧ ಹಂಚಿಬಿಟ್ಟಿರಿ” ಎಂದು ನಕ್ಕ.

ಆ ಹುಡುಗಿಗೆ ಅಂದು ಮಾತ್ರೆ ಕೊಡಿಸಿ ಮತ್ತೆ ಬರೆಯಲು ಕೂರಿಸಿದೆವು. ಕಳೆದುಹೋದ ಸಮಯವನ್ನು ಹಿಂದಿರುಗಿಸುವ ಅಧಿಕಾರ ನನಗಿರಲಿಲ್ಲ. ಬೇರೆ ಶಾಲೆಯ ಮಗು. ಪಾಸಾದಳೋ ಇಲ್ಲವೋ ಎಂದು ವಿಚಾರಿಸಲು ಧೈರ್ಯ ಬರಲಿಲ್ಲ. ನಿಮ್ಮಲ್ಲಿ ಈಗ ಮೇಷ್ಟ್ರಾಗಿರುವವರು, ಪರದೆಯ ಮುಂದೆ ಕೆಲಸ ಮಾಡುವವರು ಅನೇಕರಿದ್ದೀರಿ. ಆಗಾಗ ಎದ್ದು ಹೋಗಿ ಕೊಠಡಿಯೊಳಗೆ ಒಮ್ಮೆ ಇಣುಕಿ ನೋಡಿ ಬನ್ನಿ.