ಧ್ವನಿಪೆಟ್ಟಿಗೆಯೊಳಗಣ ಹಂಸ

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ಮಾತನ್ನು ಕಾವ್ಯ ಓದಿದವರೆಲ್ಲರೂ ಬಲ್ಲರು. ಹಳೆಯ ಧ್ವನಿವರ್ಧಕದ ಪೆಟ್ಟಿಗೆಯಲ್ಲಿಯೂ ಅಂತಹದೊಂದು ಹಂಸವಿದೆಯೆಂಬುದು ಪ್ರಾರ್ಥನಾಮಂದಿರದ ಜೋಡಿ ಪೆಟ್ಟಿಗೆಗಳನ್ನು ಬಿಚ್ಚಿದ ದಿನ ಮಕ್ಕಳಿಗೆ ತಿಳಿಯಿತು. ಅದರ ಹೆಸರು ಕ್ರಾಸ್‌ಓವರ್. ಮಂದ್ರಸ್ವರವನ್ನು ದೊಡ್ಡ ಸ್ಪೀಕರಿಗೂ ತಾರಸ್ವರವನ್ನು ಟ್ವೀಟರೆಂಬ ಚಿಕ್ಕ ಸ್ಪೀಕರಿಗೂ ಹಂಚಿಕೊಡುವುದೇ ಅದರ ಕಾಯಕ.

ಆ ಪೆಟ್ಟಿಗೆಗಳು ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ತಂದೆಯವರ ಸ್ಮರಣಾರ್ಥವಾಗಿ ಅರ್ಪಿಸಿದವು. ಲಿಂಗೈಕ್ಯ ಹಿರಿಯ ಪೂಜ್ಯರ ಆಶೀರ್ವಚನವನ್ನು ಎರಡು ತಲೆಮಾರಿನ ಮಕ್ಕಳು ಅವುಗಳಿಂದಲೇ ಕೇಳಿದ್ದರು. ಈಚೆಗೆ ಧ್ವನಿ ಮಂಕಾಗಿತ್ತು. ಶ, ಷ, ಸ ಎಂಬ ಊಷ್ಮಾಕ್ಷರಗಳ ಜೀವವಿರುವುದು ತಾರಸ್ವರದಲ್ಲಿ; ಅದೇ ಕುಂದಲಾಗಿ 'ಶರಣ' ಎಂದರೂ 'ಸರಣ' ಎಂದರೂ ಒಂದೇ ಆಗಿ ಕೇಳುತ್ತಿತ್ತು. ಇವನ್ನು ಮಾರಿ ಹೊಸದನ್ನು ತರುವುದೇ ಲೇಸೆಂದು ಹಲವರು ನುಡಿದರು. ವಿಜ್ಞಾನದ ಅಧ್ಯಾಪಕರು ಮಾತ್ರ ಒಂದು ವಾರದ ಅವಧಿಯನ್ನು ಬೇಡಿದರು.

ಒಳಗಣ ಹಲಗೆಯ ಮೇಲೆ ತಾಮ್ರದ ತಂತಿಯ ಸುರುಳಿ, ಕಂಡೆನ್ಸರ್, ರೆಸಿಸ್ಟರ್ ಎಂಬ ಮೂರು ಬಗೆಯ ವಸ್ತುಗಳಿದ್ದವು. ಅವನ್ನು ಗುರುತಿಸುವುದಕ್ಕೂ ಒಂದು ವ್ಯಾಕರಣವುಂಟು. ಹಳೆಯ ಕಂಡೆನ್ಸರಿನ ಮೇಲೆ 'ಎಂ.ಎಫ್.ಡಿ.' ಎಂದಿದ್ದರೆ ಮೈಕ್ರೋಫ್ಯಾರಡ್, 'ಎನ್.ಪಿ.' ಎಂದಿದ್ದರೆ ಧನ-ಋಣ ಭೇದವಿಲ್ಲದ್ದು. ಅಂಕಿಯ ಕೊನೆಯ 'ಜೆ' ಶೇಕಡಾ 5ರಷ್ಟು, 'ಕೆ' ಶೇಕಡಾ 10ರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಸೂಚನೆ. ರೆಸಿಸ್ಟರಿನ ಮೇಲೆ '8ಆರ್2' ಎಂದರೆ 8.2 ಓಮ್, ಅಕ್ಷರವೇ ಅಲ್ಲಿ ದಶಾಂಶ ಬಿಂದು.

"ಹಳೆಯದನ್ನೆಲ್ಲ ಕಿತ್ತುಹಾಕೋಣವೇ, ಸರ್?" ಎಂದು ವಿದ್ಯಾರ್ಥಿಯೊಬ್ಬ ಕೇಳಿದನು.

"ಮೊದಲು ಅಳೆ, ಬಳಿಕ ಕಳೆ" ಎಂದರು ಅಧ್ಯಾಪಕರು.

ಪ್ರತಿಯೊಂದರ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಅಳೆದರು. ಇಲ್ಲವಾದರೆ ನೆರೆಯ ಭಾಗಗಳ ಮಾನವೂ ಬೆರೆತು ಲೆಕ್ಕ ತಪ್ಪುತ್ತದೆ. ಎರಡೂ ಪೆಟ್ಟಿಗೆಗಳ ಸುರುಳಿಗಳು 0.3 ಮಿಲಿಹೆನ್ರಿಯನ್ನೇ ತೋರಿದವು. ತಾಮ್ರಕ್ಕೆ ಮುಪ್ಪು ಬಂದಿರಲಿಲ್ಲ. ರೆಸಿಸ್ಟರುಗಳೂ ಸರಿಯಾಗಿದ್ದವು. ಕೆಟ್ಟುದು 4.7 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಕಂಡೆನ್ಸರು ಮಾತ್ರ. 8 ಓಮಿನ ಟ್ವೀಟರಿನೊಡನೆ ಅದು ಸುಮಾರು 4,200 ಹರ್ಟ್ಸಿನಲ್ಲಿ ಗಡಿ ಹಾಕತಕ್ಕದ್ದು. ಒಳಗಣ ದ್ರವ ಕಾಲಕ್ರಮದಲ್ಲಿ ಆರಿ, ರೋಧ ಏರಿ, ತಾರಸ್ವರದ ದಾರಿಯೇ ಕಟ್ಟಿಹೋಗಿತ್ತು. ಅದೇ ಮಾನದ ಪಾಲಿಪ್ರೊಪಿಲೀನ್ ಕಂಡೆನ್ಸರುಗಳನ್ನು ಎರಡಕ್ಕೂ ಜೋಡಿಸಿದರು. ಹೊಸದರ ಒಳರೋಧ ತೀರ ಕಡಿಮೆ. ದನಿ ಕರ್ಕಶವಾಗದಿರಲೆಂದು 1 ಓಮಿಗೂ ಕಡಿಮೆಯ ರೆಸಿಸ್ಟರೊಂದನ್ನು ಸರಣಿಯಲ್ಲಿ ಸೇರಿಸಿದರು. ಮಿಕ್ಕುದೆಲ್ಲವೂ ಹಳೆಯದೇ.

ಸೋಮವಾರದ ಪ್ರಾರ್ಥನೆಯ ಬಳಿಕ ಹಿರಿಯ ಪೂಜ್ಯರ ಹಳೆಯ ಧ್ವನಿಮುದ್ರಣವನ್ನು ಹಾಕಲಾಯಿತು. 'ಶರಣು' ಎಂಬ ಮೊದಲ ನುಡಿಯೇ ಅಚ್ಚುಕಟ್ಟಾಗಿ ಸಭೆಯ ಕೊನೆಯ ಸಾಲನ್ನು ಮುಟ್ಟಿತು. ಅಲ್ಲಿ ಕುಳಿತಿದ್ದ ವಯೋವೃದ್ಧ ದಾನಿಗಳು ಕಣ್ಣೊರೆಸಿಕೊಂಡು, "ಅಪ್ಪಾವರು ಎದುರಿಗೆ ಬಂದು ನಿಂತ್ಹಂಗಾತ್ರಿ" ಎಂದರು.

ಜೀರ್ಣೋದ್ಧಾರಕ್ಕೆ ಬೇಕಾದುದು ವಿವೇಕ: ಬತ್ತಿದುದನ್ನು ಬಿಡುವುದು, ಬಾಳುವುದನ್ನು ಉಳಿಸುವುದು. ತೆಗೆದ ಎರಡು ಕಂಡೆನ್ಸರುಗಳು ಈಗ ವಿಜ್ಞಾನದ ಕೊಠಡಿಯಲ್ಲಿ, ಗಾಜಿನ ಭರಣಿಯೊಳಗೆ, ಹೆಸರುಚೀಟಿಯೊಡನೆ ಪಾಠ ಹೇಳುತ್ತಿವೆ.