ಬೆಳವಣಕಿಯ ಕವಣೆ, ನರಗುಂದದ ಕೋವಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಬೆಳವಣಕಿ ಎರೆಭೂಮಿಯ ಊರು. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಮಣ್ಣು; ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಶಾಸನಗಳು ಬೆಳ್ವೊಲ ಮುನ್ನೂರು ಎಂದು ಕರೆದ ಸೀಮೆ ಇದೇ. ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಅಟ್ಟಣೆ ಏರಿ ಕವಣೆ ಬೀಸಿ ಹಕ್ಕಿ ಕಾಯುವುದು ಈ ಕಡೆಯ ಹಳೆಯ ಕೆಲಸ. ಕವಣೆ ಬೀಸುವವರು ಸಿಕ್ಕ ಕಲ್ಲನ್ನೆಲ್ಲ ಎತ್ತಿಕೊಳ್ಳುವುದಿಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಕಲ್ಲು ಬಲು ದೊಡ್ಡದಾದರೆ ತೋಳು ಸೋಲುತ್ತದೆ, ಗುರಿ ತಪ್ಪುತ್ತದೆ. ಬಲು ಸಣ್ಣದಾದರೆ ದೂರ ಹೋಗುವುದಿಲ್ಲ.

ಈ ಅಂಗೈ ಲೆಕ್ಕ ಪಿಸ್ತೂಲಿಗೂ ಅನ್ವಯಿಸುತ್ತದೆ. ಸೈನ್ಯದಿಂದ ನಿವೃತ್ತರಾಗಿ ಬಂದವರು ಪರವಾನಗಿ ಕೇಳುವುದುಂಟು. ಎನ್‌ಸಿಸಿಯಲ್ಲಿ ರೈಫಲ್ ಹಿಡಿದ ಹುಡುಗ ಹುಡುಗಿಯರಿಗೆ ಗುರಿ ಹೊಡೆಯುವ ಕ್ರೀಡೆಯ ಆಸೆ ಹುಟ್ಟುವುದುಂಟು. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಕೊಳ್ಳುವುದಾದರೆ ದೊಡ್ಡ ಬೋರಿನದೇ ಕೊಳ್ಳಬೇಕು, ರೇಂಜಿನಲ್ಲಿ ಅಭ್ಯಾಸಕ್ಕೂ ಆಯಿತು, ಆಗೀಗ ಸೊಂಟಕ್ಕೂ ಆಯಿತು.’ ಈ ಮಾತು ಎಷ್ಟು ಸರಿ? ಬೆಳವಣಕಿಯಿಂದ ನರಗುಂದ, ಸುರೇಬಾನಗಳನ್ನು ಹಾದು ಹಲಗಲಿಯವರೆಗೆ ಹೋಗಿಬರುವವರಿಗೆ ಇದನ್ನು ಯೋಚಿಸಲು ದಾರಿಯುದ್ದಕ್ಕೂ ಕಾರಣಗಳು ಸಿಗುತ್ತವೆ.

ನರಗುಂದದ ಗುಡ್ಡ

ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ನರಗುಂದದ ಗುಡ್ಡ ಬಹು ದೂರದಿಂದಲೇ ಕಾಣುತ್ತದೆ. ಅದರ ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ. ಇಲ್ಲಿನ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಜನರ ಬಾಯಲ್ಲಿ ಬಾಬಾಸಾಹೇಬ. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಿಗೆ ಕೊಡದಿದ್ದುದು ಅವನ ಮನಸ್ಸನ್ನು ಕುದಿಸಿತ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಆ ಕುದಿಗೆ ಇನ್ನಷ್ಟು ಬೆಂಕಿ ಹಚ್ಚಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಹತನಾದ. ಜೂನ್ ಮೊದಲ ವಾರದಲ್ಲೇ ನರಗುಂದ ಬ್ರಿಟಿಷರ ವಶವಾಯಿತು. ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವನೊಡನೆ ಕೈಜೋಡಿಸಿದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ.

ಆ ಕಾಲದ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ರೈಫಲ್ಲಿನ ಬೋರು .577 ಇಂಚು, ಅಂದರೆ ಸುಮಾರು 14.7 ಮಿ.ಮೀ. ನಳಿಗೆಯ ಒಳವ್ಯಾಸವನ್ನು ಹೀಗೆ ಇಂಚಿನಲ್ಲೋ ಮಿಲಿಮೀಟರಿನಲ್ಲೋ ಹೇಳುವುದು ವಾಡಿಕೆ. .22 ಎಂದರೆ 5.6 ಮಿ.ಮೀ.; .32 ಎಂದರೆ ಸುಮಾರು 8 ಮಿ.ಮೀ.; .45 ಎಂದರೆ 11.4 ಮಿ.ಮೀ. ಬ್ಯಾಂಕಿನ ಕಾವಲುಗಾರರ ಕೈಯಲ್ಲಿ ಕಾಣುವ 12 ಬೋರಿನ ಕೋವಿಯ ಲೆಕ್ಕ ಮಾತ್ರ ಬೇರೆ. ಒಂದು ಪೌಂಡು ಸೀಸದಲ್ಲಿ 12 ಸಮ ಗುಂಡು ಎರಕ ಹೊಯ್ದರೆ ಅದರಲ್ಲಿ ಒಂದು ಹಿಡಿಯುವ ನಳಿಗೆ ಅದು. ಆದ್ದರಿಂದ ಅಲ್ಲಿ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ.

ಕೈಬಂದೂಕಿನಲ್ಲೂ ದೊಡ್ಡ ಗುಂಡೇ ಬೇಕೆಂಬ ನಂಬಿಕೆ ಬ್ರಿಟಿಷ್ ಸೈನ್ಯದಲ್ಲಿ ಬಹುಕಾಲ ಇತ್ತು. 1887ರಲ್ಲಿ ಅದು ಅಂಗೀಕರಿಸಿದ ವೆಬ್ಲಿ ರಿವಾಲ್ವರ್ .455 ಬೋರಿನದಾಯಿತು. ಆದರೆ ಅದೇ ಸೈನ್ಯ 1930ರ ದಶಕದಲ್ಲಿ .38ಕ್ಕೆ ಇಳಿಯಿತು. ಅಲ್ಪ ಕಾಲದ ತರಬೇತಿ ಪಡೆದ ಸಿಪಾಯಿ ದೊಡ್ಡ ಗುಂಡಿನಿಂದ ಗುರಿ ತಪ್ಪುತ್ತಾನೆ, ಹಗುರ ಗುಂಡಿನಿಂದ ಮುಟ್ಟುತ್ತಾನೆ ಎಂಬುದು ಅನುಭವಕ್ಕೆ ಬಂದಿತ್ತು. ಬೆಳವಣಕಿಯ ಹೊಲದಲ್ಲಿ ಕಲ್ಲು ತೂಗುವ ಅಂಗೈ ಹೇಳುವುದೂ ಇದನ್ನೇ.

ಮಿಲಿಮೀಟರಿನ ಲೆಕ್ಕ

ವಿದ್ಯಾರ್ಥಿಗಳು ಇದನ್ನು ನ್ಯೂಟನ್ನನ ಮೂರನೆಯ ನಿಯಮದಿಂದ ತಾವೇ ಕಂಡುಕೊಳ್ಳಬಹುದು. .45 ಪಿಸ್ತೂಲಿನ ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ಪಿಸ್ತೂಲಿನ ತೂಕ 1.1 ಕಿಲೋ ಎಂದಿಟ್ಟುಕೊಂಡರೆ, ಸಿಡಿಮದ್ದಿನ ಅನಿಲದ ಪಾಲನ್ನು ಬಿಟ್ಟರೂ, ಅದು ಸೆಕೆಂಡಿಗೆ 3.5 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಅಷ್ಟೇ ತೂಕದ .22 ಪಿಸ್ತೂಲಿನಿಂದ 2.6 ಗ್ರಾಂ ಗುಂಡು 320 ಮೀಟರ್ ವೇಗದಲ್ಲಿ ಹೊರಟರೆ ಹಿನ್ನೊದೆತ ಸೆಕೆಂಡಿಗೆ 0.8 ಮೀಟರಿಗೂ ಕಡಿಮೆ. ಒಂದಕ್ಕೆ ಇನ್ನೊಂದು ನಾಲ್ಕೂವರೆ ಪಟ್ಟು.

ಈ ಒದೆತಕ್ಕೆ ಹೆದರಿದ ಕೈ ಗುಂಡು ಹೊರಡುವ ಮೊದಲೇ ಅಲುಗುತ್ತದೆ. ಹಿಂದಿನ ಮುಂದಿನ ಗುರಿಕಂಡಿಗಳ ನಡುವೆ 16 ಸೆಂ.ಮೀ. ಅಂತರವಿದೆ ಎನ್ನೋಣ. ಮುಂದಿನದು ಒಂದೇ ಒಂದು ಮಿಲಿಮೀಟರ್ ಸರಿದರೂ 25 ಮೀಟರ್ ದೂರದ ಫಲಕದಲ್ಲಿ ಗುಂಡು 15 ಸೆಂ.ಮೀ.ಗಿಂತ ಹೆಚ್ಚು ಆಚೆ ಬೀಳುತ್ತದೆ. ಸಮರೂಪ ತ್ರಿಭುಜದ ಲೆಕ್ಕ ಇದು. ಆ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 5 ಸೆಂ.ಮೀ. ದೊಡ್ಡ ಗುಂಡಿನ ರಂಧ್ರ ಅಗಲವಾದ್ದರಿಂದ ಗೆರೆ ಮುಟ್ಟುವ ಅನುಕೂಲ ಇದೆಯಲ್ಲ ಎಂದು ಕೇಳಬಹುದು. .22ಕ್ಕಿಂತ .45ಕ್ಕೆ ಸಿಗುವ ಆ ಅನುಕೂಲ 3 ಮಿ.ಮೀ.ಯಷ್ಟೂ ಇಲ್ಲ. ಮೂರು ಮಿಲಿಮೀಟರ್ ಲಾಭಕ್ಕೆ ಹದಿನೈದು ಸೆಂಟಿಮೀಟರ್ ನಷ್ಟವನ್ನು ಯಾವ ವ್ಯಾಪಾರಿಯೂ ಒಪ್ಪಲಾರ.

ಇನ್ನು ಶಕ್ತಿಯ ಮಾತು. 8 ಗ್ರಾಮಿನ 9 ಮಿ.ಮೀ. ಗುಂಡು 350 ಮೀಟರ್ ವೇಗದಲ್ಲಿ ಹೋದರೆ ಅದರ ಚಲನಶಕ್ತಿ 490 ಜೂಲ್. ಮೇಲೆ ಹೇಳಿದ .45 ಗುಂಡಿನದೂ ಹೆಚ್ಚುಕಡಿಮೆ ಅಷ್ಟೇ. ಬೋರು ದೊಡ್ಡದಾದ ಮಾತ್ರಕ್ಕೆ ಶಕ್ತಿ ಹೆಚ್ಚಾಗಲೇಬೇಕೆಂದಿಲ್ಲ. ಶಕ್ತಿಯಲ್ಲಿ ವೇಗದ ವರ್ಗ ಸೇರಿರುತ್ತದೆ.

ಅಂತರರಾಷ್ಟ್ರೀಯ ಕ್ರೀಡಾ ನಿಯಮಗಳೂ ಈ ದಿಕ್ಕಿನಲ್ಲೇ ಇವೆ. 10 ಮೀಟರ್ ಏರ್ ಪಿಸ್ತೂಲಿನ ಬೋರು 4.5 ಮಿ.ಮೀ. ಸೆಂಟರ್ ಫೈರ್ ಸ್ಪರ್ಧೆಯಲ್ಲೂ 9.65 ಮಿ.ಮೀ. ಮೀರುವಂತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು .22 ಪಿಸ್ತೂಲಿನಲ್ಲಿ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಅವರ ಎರಡು ಕಂಚಿನ ಪದಕಗಳೂ ಏರ್ ಪಿಸ್ತೂಲಿನಿಂದ ಬಂದವು. ಕರ್ನಾಟಕದ ಪ್ರಕಾಶ್ ನಂಜಪ್ಪ, ಟಿ.ಎಸ್. ದಿವ್ಯಾ ಹೆಸರಾದದ್ದೂ ಇಂಥ ಸಣ್ಣ ಬೋರಿನ ಪಿಸ್ತೂಲುಗಳಿಂದಲೇ. ಮಕ್ಕಳಿಗೆ ಈ ಕ್ರೀಡೆ ಕಲಿಸಬೇಕೆನ್ನುವ ತಂದೆತಾಯಿಗಳು ಏರ್ ಪಿಸ್ತೂಲಿನಿಂದ, ತರಬೇತುದಾರರ ಕಣ್ಣೆದುರಿನಲ್ಲಿ ಆರಂಭಿಸುವುದೇ ಸರಿಯಾದ ದಾರಿ.

ಸೊಂಟದ ಭಾರ

ಸೊಂಟದಲ್ಲಿ ಧರಿಸುವ ಮಾತೇ ಬೇರೆ. ರೇಂಜಿಗೆ ಉದ್ದ ನಳಿಗೆಯ, ತುಸು ಭಾರದ ಪಿಸ್ತೂಲು ಒಳ್ಳೆಯದು, ಏಕೆಂದರೆ ಭಾರ ಹೆಚ್ಚಿದಷ್ಟೂ ಒದೆತ ಕಡಿಮೆ. ಧರಿಸಲು ಗಿಡ್ಡ, ಹಗುರ ಬೇಕು. ಹಗುರವಾದಷ್ಟೂ ಒದೆತ ಹೆಚ್ಚು. ಎರಡಕ್ಕೂ ಒಂದೇ ಎಂದು ಆರಿಸಿದ್ದು ಎರಡಕ್ಕೂ ಅರೆಬರೆಯಾಗುತ್ತದೆ.

ನಮ್ಮ ದೇಶದಲ್ಲಿ ಆಯ್ಕೆ ಹೇಗೂ ಕಿರಿದು. 9 ಮಿ.ಮೀ., .38, .455ರಂಥ ಸೇನಾ ಗುಂಡುಗಳನ್ನು ಹಾರಿಸಬಲ್ಲ ಕೈಬಂದೂಕುಗಳು ‘ನಿಷೇಧಿತ ಬೋರು’. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಪರವಾನಗಿಗೆ ಅವು ಸಿಗುವುದಿಲ್ಲ. ಹೆಚ್ಚಿನವರಿಗೆ ದೊರೆಯುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಆರು ಗುಂಡು, ಸುಮಾರು 700 ಗ್ರಾಂ ತೂಕ. ವಿನ್ಯಾಸ ಹಳೆಯ ವೆಬ್ಲಿಯದೇ ವಂಶ. ಪರವಾನಗಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬೇಕು, 2016ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯೂ ಬೇಕು. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸುವ ಪ್ರಸಂಗ ಬರುತ್ತದೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇವೆಲ್ಲಕ್ಕಿಂತ ದೊಡ್ಡ ಮಾತು ಮನೆಯದು. ಮಕ್ಕಳಿರುವ ಮನೆಯಲ್ಲಿ ಬಂದೂಕು ಬೀಗದೊಳಗೆ, ಗುಂಡು ಬೇರೆ ಬೀಗದೊಳಗೆ ಇರದಿದ್ದರೆ, ರಕ್ಷಣೆಗೆಂದು ತಂದದ್ದೇ ಮನೆಯ ಅಪಾಯವಾಗುತ್ತದೆ.

ಹಲಗಲಿಯ ನೆನಪು

ಇಷ್ಟು ಕಟ್ಟುಪಾಡು ಏಕೆ, 1857ರ ಕಾಯ್ದೆಗೂ ಇದಕ್ಕೂ ವ್ಯತ್ಯಾಸವೇನು ಎಂದು ಕೇಳುವ ವಿದ್ಯಾರ್ಥಿಗೆ ಉತ್ತರ ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿದೆ. ಇಲ್ಲಿನ ಬೇಡರಿಗೆ ಆಯುಧವೆಂದರೆ ಬೇಟೆ, ಬದುಕು, ಮಾನ. ಅದನ್ನು ಒಪ್ಪಿಸಿ ಎಂದು ಪರದೇಶದ ಸರ್ಕಾರ ಆಜ್ಞೆ ಮಾಡಿದಾಗ 1857ರ ನವೆಂಬರಿನಲ್ಲಿ ಅವರು ತಿರುಗಿಬಿದ್ದರು. ಸೈನ್ಯ ಬಂದು ಊರನ್ನೇ ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಜಡಗ, ಬಾಲರ ಹೆಸರು ಉಳಿದದ್ದು ಲಾವಣಿಯಲ್ಲಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್. ಮುಂದೆ 1878ರ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಸ್ವತಂತ್ರ ಭಾರತದ 1959ರ ಕಾಯ್ದೆಯಲ್ಲಿ ಆ ಜನಾಂಗ ಭೇದ ಇಲ್ಲ. ಅಂದು ಆಯುಧ ಕಿತ್ತುಕೊಂಡದ್ದು ಪ್ರಜೆಯ ಮೇಲಿನ ಅಪನಂಬಿಕೆಯಿಂದ. ಇಂದು ಆಯುಧ ಕೊಡುವ ಮುನ್ನ ಕೇಳುವ ಪ್ರಶ್ನೆ, ಈತ ನೆರೆಯವರಿಗೆ ಅಪಾಯವಾಗದೆ ಇದನ್ನು ಇಟ್ಟುಕೊಳ್ಳಬಲ್ಲನೇ ಎಂಬುದು.

ಬಂದೂಕಿನ ಬೆಲೆಯನ್ನು ಈ ಸೀಮೆ ಸ್ವಾತಂತ್ರ್ಯಾನಂತರವೂ ತೆತ್ತಿದೆ. 1980ರ ಜುಲೈ 21ರ ರೈತ ಬಂಡಾಯದಲ್ಲಿ ಗೋಲಿಬಾರಿಗೆ ಬಲಿಯಾದವರನ್ನು ನರಗುಂದ, ನವಲಗುಂದಗಳಲ್ಲಿ ವರ್ಷವರ್ಷವೂ ಆ ದಿನ ನೆನೆಯುತ್ತಾರೆ.

ಬೆಳವಣಕಿಗೆ ರೋಣದಿಂದ ಬಸ್ಸುಗಳಿವೆ. ನರಗುಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ; ಅಲ್ಲಿಂದ ರಾಮದುರ್ಗದ ದಾರಿಯಲ್ಲಿ ಸುರೇಬಾನ, ಮುಂದೆ ಮುಧೋಳದ ಕಡೆಗೆ ಹಲಗಲಿ. ಗುಡ್ಡ ಹತ್ತುವವರು ಬಿಸಿಲೇರುವ ಮೊದಲೇ ಹತ್ತಬೇಕು, ನೀರು ಜೊತೆಗಿರಬೇಕು. ಮಕ್ಕಳನ್ನು ಕರೆದೊಯ್ಯುವವರು ಹಲಗಲಿಯ ಲಾವಣಿಯನ್ನು ಮೊದಲೇ ಓದಿಸಿದರೆ ಒಳ್ಳೆಯದು.