ಮೊದಲ 50 ಗಂಟೆ

ನಮ್ಮ ಕೇರಿಗೆ ಮೊದಲ ಟ್ರಾಕ್ಟರ್ ಬಂದಾಗ ಬಾಯಿದ್ದವರೆಲ್ಲ ಬುದ್ಧಿ ಹೇಳಿದರು. ಕೇರಿಯವರು 'ಮೆತ್ತಗೆ ಓಡುಸ್ರಪ್ಪ, ಸಾಲದ ಗಾಡಿ' ಅಂದರು. ಊರಿನವರು 'ಹೊಸ ಗಾಡಿ ಕಣ್ರಲಾ, ಎಷ್ಟು ಹೇರಿದ್ರೂ ಎಳೀತದೆ' ಅಂದರು. ಎರಡೂ ಇಂಜಿನ್ನಿಗೆ ಕೇಡು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ನಾವು ಮಳವಳ್ಳಿ ತಾಲ್ಲೂಕಿನವರು, ಮೂವರು ಅಣ್ಣತಮ್ಮಂದಿರು. ನಮ್ಮ ಸೀಮೆಗೆ ಯಂತ್ರ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಷ್ಟೆಲ್ಲ ಬಂದರೂ ನಮ್ಮಪ್ಪನಿಗೆ ಒಂದು ಜೊತೆ ಎತ್ತು ಇರಲಿಲ್ಲ. ಊರವರ ಎತ್ತಿನ ಹಿಂದೆ ಅವನಿದ್ದ, ಎತ್ತಿಗೆ ಕಾಯಿಲೆಯಾದ ದಿನ ಎತ್ತಿನ ಜಾಗದಲ್ಲೂ ಇದ್ದ.

ಮದ್ದೂರಿನ ಮೇಸ್ತ್ರಿ ಒಬ್ಬರು ಬಾನೆಟ್ ಎತ್ತಿ, ನಮ್ಮನ್ನು ಪಕ್ಕ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪು. ಆದರೆ ಕಾರ್ಖಾನೆಯಲ್ಲಿ ಬೇಕಂತಲೇ ಅದಕ್ಕೆ ಅಡ್ಡಡ್ಡ ಸಣ್ಣ ಗೀರು ಎಳೆದಿರುತ್ತಾರೆ. ಆ ಗೀರಿನಲ್ಲಿ ಆಯಿಲ್ ನಿಲ್ಲುತ್ತದೆ. ಪಿಸ್ಟನ್ನಿನ ರಿಂಗು ಗೋಡೆಗೆ ಉಜ್ಜಿ, ಗೀರಿನ ಮೊನೆ ಸವೆದು, ರಿಂಗೂ ಸವೆದು, ಎರಡೂ ಒಂದಕ್ಕೊಂದು ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿದ ಡೀಸೆಲ್ಲಿನ ಒತ್ತಡ. ಭಾರವೇ ಕೊಡದೆ ಮರದ ಕೆಳಗೆ ಸುಮ್ಮನೆ ಸ್ಟಾರ್ಟ್ ಮಾಡಿ ಬಿಟ್ಟರೆ ಆ ಒತ್ತಡ ಸಾಲದು. ಗೋಡೆಗೆ ಗಾಜಿನಂಥ ಹೊಳಪು ಹಿಡಿದು ರಿಂಗು ಕೂರುವುದೇ ಇಲ್ಲ; ಆಮೇಲೆ ಆಯಸ್ಸು ಪೂರ್ತಿ ಆಯಿಲ್ ಕುಡಿದು ಹೊಗೆ ಉಗುಳ್ತದೆ. ಮೊದಲ ದಿನವೇ ಕುತ್ತಿಗೆಮಟ್ಟ ಕಬ್ಬು ಹೇರಿದರೋ, ಕಾವೇರಿ ಆಯಿಲಿನ ಪದರ ಹರಿದು, ಲೋಹಕ್ಕೆ ಲೋಹ ತಾಗಿ ಗೀಚಿಹೋಯ್ತದೆ. 'ಕೆಲ್ಸ ಕೊಡಿ, ಅರ್ಧ ಕೊಡಿ. ಒಂದೇ ವೇಗದಲ್ಲಿ ಓಡುಸ್ಬ್ಯಾಡಿ, ಏರ್ಸಿ ಇಳ್ಸಿ. 50 ಗಂಟೆ ಕಳೀಲಿ' ಅಂದರು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೂ ಅದೇ 50 ಗಂಟೆ ಇತ್ತು.

ಮೂರನೇ ದಿನ ಊರಿನ ದೊಡ್ಡ ಹಿಡುವಳಿಯ ಗೌಡರೊಬ್ಬರು ಹೇಳಿಕಳಿಸಿದರು. ನಾಳೆ ಕಬ್ಬು ತುಂಬಬೇಕು, ಫುಲ್ ಲೋಡು, ಬಾಡಿಗೆ ಆಮೇಲೆ ನೋಡುವಾ. ನಮ್ಮಪ್ಪ ಆ ಮನೆಯ ಮುಂದೆ 'ಆಗ್ಲಿ ಬುದ್ಧಿ' ಅನ್ನುವುದು ಬಿಟ್ಟು ಬೇರೆ ಮಾತಾಡಿದ್ದನ್ನು ನಾವು ಕೇಳಿಲ್ಲ. 'ಅವರ ಮಾತ ತೆಗೆದಾಕ್ಬ್ಯಾಡ್ರೋ, ನಾಳಿಕೆ ನೀರು ಬುಡಕ್ಕಿಲ್ಲ' ಅಂದಳು ಅವ್ವ. ಅವಳ ಹೆದರಿಕೆ ಸುಳ್ಳಲ್ಲ. ನಮ್ಮ ಗದ್ದೆಗೆ ನೀರು ಬರುವುದು ಅವರ ಗದ್ದೆ ದಾಟಿಕೊಂಡೇ.

ಮೂವರೂ ಹೋಗಿ ಜಗಲಿಯ ಮುಂದೆ ನಿಂತೆವು. 'ಇಂಜಿನ್ ಇನ್ನೂ ಕೂತಿಲ್ಲ ಗೌಡ್ರೇ. ಅರ್ಧ ಲೋಡಾದ್ರೆ ನಾಳೆನೇ ಬತ್ತೀವಿ. ಬಾಡಿಗೆ ಅವತ್ತಿಂದು ಅವತ್ತೇ ಆಗ್ಬೇಕು' ಅಂದೆವು.

'ಓಹೋ, ಕಬ್ಬಿಣಕ್ಕೂ ಬಾಣಂತನವಾ?' ಅಂದರು.

ಹೌದು, ಬಾಣಂತನವೇ. ಇಷ್ಟು ಗಂಟೆ ಆಗುವವರೆಗೆ ಇಷ್ಟೇ ಭಾರ ಹೇರಬೇಕು ಅಂತ ನಮ್ಮಪ್ಪನ ಬೆನ್ನಿಗೆ ಯಾರೂ ಪುಸ್ತಕ ಬರೆದಿರಲಿಲ್ಲ. ಹದಿಹರೆಯದಲ್ಲೇ ಅವನ ಮೇಲೆ ಫುಲ್ ಲೋಡು.

ಆ ವಾರ ನಮ್ಮ ಸರದಿಯ ನೀರು ಎರಡು ದಿನ ತಡವಾಗಿ ಬಂತು. ಕಾರಣ ಯಾರೂ ಹೇಳಲಿಲ್ಲ. ಕೇಳಿ ತಿಳಿಯುವಂಥದ್ದೂ ಅದಲ್ಲ.

ಅರ್ಧ ಟ್ರೇಲರ್ ಹೇರಿಕೊಂಡು ಮಳವಳ್ಳಿಯಿಂದ ಭಾರತೀನಗರದ ಮೇಲೆ ಮದ್ದೂರಿಗೆ ಹೋಗಿ ಬಂದೆವು. ಹಂಪು, ತಿರುವು, ಎದುರಿಗೆ ದನ. ಏರಿಸಿ ಇಳಿಸಿ ಅಂತ ಬೇರೆ ಹೇಳಿಕೊಡಬೇಕಾಗಿಲ್ಲ, ರಸ್ತೆಯೇ ಮಾಡಿಸ್ತದೆ. ಮದ್ದೂರಿನಿಂದ ಮಂಡ್ಯದ ಕಡೆ ಹೋದರೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ. ಆ ವರ್ಷದ ಆಗಸ್ಟ್ 1ರಿಂದ ಅದರ ನಡುರಸ್ತೆಗೆ ಬೈಕು, ಆಟೋ, ಟ್ರಾಕ್ಟರ್ ಹತ್ತುವಂತಿಲ್ಲ ಎಂದಾಯಿತು. ನಮಗೆ ಪಕ್ಕದ ಸರ್ವಿಸ್ ರಸ್ತೆ. ಆ ವೇಗದ ನಡುವೆ ನಿಧಾನದ ಗಾಡಿ ಸಾವನ್ನು ಕರೆದಂತೆ, ಅದು ನಮಗೂ ಗೊತ್ತು. ಆದರೂ ಗದ್ದೆ ಸೀಳಿಕೊಂಡು ಹೋದ ರಸ್ತೆಯಲ್ಲಿ ಗದ್ದೆಯ ಗಾಡಿಗೇ ಜಾಗ ಅಂಚಿನಲ್ಲಿ. ಅಂಚು ನಮಗೆ ಹಳೇ ಪರಿಚಯ.

ಮೀಟರು 50 ತೋರಿಸಿದ ದಿನ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿದೆವು. ಕಪ್ಪಾದ ಆಯಿಲನ್ನು ಬಿಸಿಲಿಗೆ ಹಿಡಿದರೆ ಒಳಗೆ ಬೆಳ್ಳಿಪುಡಿಯಂಥ ಮಿಂಚು. 'ಇದು ರಿಂಗಿಂದೂ ಹೌದು, ಗೋಡೇದೂ ಹೌದು' ಅಂದರು ಮೇಸ್ತ್ರಿ.

ಊರಲ್ಲಿ ಹೊಂದಿಕೊಂಡು ಹೋಗಿ ಅಂತ ನಮಗೆ ಹೇಳದವರಿಲ್ಲ. ಹೊಂದಿಕೊಳ್ಳುವುದು ಅಂದರೆ ಎರಡೂ ಕಡೆ ಸವೀಬೇಕು ಅಂತ ತೋರಿಸಿದವರು ಆ ಮೇಸ್ತ್ರಿ ಒಬ್ಬರೇ. ನಾವು ಮಾತ್ರ ಸವೆಯುತ್ತಾ ಬಂದದ್ದಕ್ಕೆ ಹೊಂದಾಣಿಕೆ ಅಂತ ಹೆಸರಿಟ್ಟು ಕೂತಿದ್ದಾರಲ್ಲ, ಅವರಿಗೆ ಆ ಆಯಿಲ್ ತೋರಿಸಬೇಕು ಅನ್ನಿಸಿತು.

51ನೇ ಗಂಟೆಗೆ ಫುಲ್ ಲೋಡು ಹೇರಿದೆವು. ಬಾಡಿಗೆ ಮೊದಲೇ ಎಣಿಸಿಕೊಂಡು.